ಹನ್ನೆರಡೂವರೆಗೆ ಅಕ್ಕ ಓದುತ್ತಾಳೆ

ಮೊದಲೇ ಹೇಳಿಬಿಡ್ತೀನಿ, ನಾನು ಮುಂಗೋಪಿ. ಬಾಯಿ ಮುಂದೆ, ಬುದ್ಧಿ ಹಿಂದೆ. ನಮ್ಮ ಬೀದಿಯವರು ನನ್ನನ್ನು ‘ಫ್ಯೂಸು’ ಅಂತಲೇ ಕರೆಯೋದು. ವೈರಿಂಗ್ ಕೆಲಸ ಮಾಡ್ತೀನಿ ಅನ್ನೋದು ಅದಕ್ಕೆ ಅರ್ಧ ಕಾರಣ, ಮಾತುಮಾತಿಗೆ ಹಾರಿಹೋಗ್ತೀನಿ ಅನ್ನೋದು ಇನ್ನರ್ಧ. ಆ ವಾರ ನಡೆದದ್ದನ್ನ ಹೇಳುವಾಗ ಒಂದೆರಡು ಕಡೆ ದನಿ ಏರಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮನೆಯಲ್ಲಿರೋದು ನಾನೂ ಅಮ್ಮನೂ. ಅಕ್ಕ ರೇಡಿಯೋದಲ್ಲಿ ಓದುತ್ತಾಳೆ. ದೊಡ್ಡ ಸ್ಟೇಷನ್ ಅಂದುಕೋಬೇಡಿ. ಒಂದು ಗುಡ್ಡ, ಗುಡ್ಡದ ಮೇಲೊಂದು ಕಂಬ, ಕಂಬದ ಬುಡದಲ್ಲಿ ಮೂರು ಕೋಣೆ, ಅಷ್ಟೇ. ಇಡೀ ದಿನ ರಾಜಧಾನಿಯ ಕಾರ್ಯಕ್ರಮವನ್ನೇ ಆ ಕಂಬ ನಮಗೆ ದಾಟಿಸುತ್ತೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಹನ್ನೆರಡೂ ಮುಕ್ಕಾಲರ ತನಕ ಮಾತ್ರ ನಮ್ಮ ಕಡೆಯ ಸುದ್ದಿ. ಯಾವ ಬಡಾವಣೆಗೆ ಎಷ್ಟು ಹೊತ್ತಿಗೆ ನೀರು, ಯಾವ ರಸ್ತೆ ಅಗೆದಿದ್ದಾರೆ, ಯಾವ ಬಸ್ಸು ಬರೋಲ್ಲ, ಯಾರ ಮನೆಯ ತಾತ ದಾರಿ ತಪ್ಪಿ ಎಲ್ಲಿಗೋ ಹೋಗಿದ್ದಾರೆ, ಇಂಥದ್ದು. ಆ ಕಾಲು ಗಂಟೆ ಓದೋದು ನಮ್ಮಕ್ಕ, ಹನ್ನೊಂದು ವರ್ಷದಿಂದ. ಗುಡ್ಡದ ಕೆಳಗೇ ಒಂದು ರೂಮು ಮಾಡಿಕೊಂಡಿದ್ದಾಳೆ. ಭಾನುವಾರ ಮನೆಗೆ ಬರ್ತಾಳೆ.

ಅಮ್ಮ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದವಳು. ಮದುವೆ ಕಾಗದ ಬಂದರೂ ಮೊದಲು ಅದರಲ್ಲಿರೋ ತಪ್ಪು ಹುಡುಕಿ, ಯಾರ ಮದುವೆ ಅಂತ ಆಮೇಲೆ ನೋಡ್ತಾಳೆ. ಅಕ್ಕ ಓದೋಕೆ ಶುರುಮಾಡಿದ ದಿನದಿಂದ ಮನೆಯಲ್ಲಿ ಒಂದು ಪದ್ಧತಿ ಬೆಳೆದುಬಂತು. ಹನ್ನೆರಡೂವರೆಗೆ ಅಮ್ಮ ಊಟದ ಮೇಜಿನ ಮೇಲೆ ಸೆಲ್ಲು ಹಾಕಿದ ಹಳೇ ರೇಡಿಯೋ ಇಟ್ಟುಕೊಂಡು ಕೂರುತ್ತಾಳೆ. ಒಂದೂಕಾಲಿಗೆ ಅಕ್ಕ ಫೋನ್ ಮಾಡ್ತಾಳೆ. ಅಮ್ಮ ಬೈತಾಳೆ.

“ಅಷ್ಟು ಅವಸರ ಯಾಕೆ? ಹಿಂದೆ ನಾಯಿ ಅಟ್ಟಿಸಿಕೊಂಡು ಬಂದಿತ್ತಾ?”

“ಬಸ್ಸಿನ ನಂಬರು ನುಂಗಿದೆ. ನಿಲ್ದಾಣದಲ್ಲಿ ಕಾಯೋರು ಏನು ಶಕುನ ಕೇಳಬೇಕಾ?”

“ಸತ್ತವರ ಸುದ್ದಿ ಓದಿದ ದನಿಯಲ್ಲೇ ನೀರಿನ ಸುದ್ದಿನೂ ಓದ್ತಾರೇನೇ? ಟ್ಯಾಂಕಿಗೇ ಸೂತಕ ಬಂತು ಅಂದುಕೊಂಡೆ.”

ಅಕ್ಕ ‘ಹೂಂ, ಹೂಂ’ ಅಂತ ಕೇಳಿಸಿಕೊಂಡು ಮರುದಿನ ತಿದ್ದಿಕೊಳ್ತಾಳೆ. ಹನ್ನೊಂದು ವರ್ಷದಲ್ಲಿ ಅಮ್ಮ ಒಂದು ಸಲವೂ ಚೆನ್ನಾಗಿ ಓದಿದೆ ಅಂದವಳಲ್ಲ. ಎರಡು ತಿಂಗಳ ಹಿಂದೆ ಒಂದು ದಿನ ಅಂದಳು. ನಾನು ಊಟಕ್ಕೆ ಕೂತಿದ್ದೆ, ಕೈಲಿದ್ದ ತುತ್ತು ತಟ್ಟೆಗಿಟ್ಟು ಅವಳ ಮುಖ ನೋಡಿದೆ. ಮರುದಿನವೂ ಅಂದಳು, ಅದರ ಮರುದಿನವೂ. ವಯಸ್ಸಾಯ್ತು, ಮೆತ್ತಗಾದಳು ಅಂದುಕೊಂಡು ಸುಮ್ಮನಾದೆ. ನಾನು ಕೆಲಸ ಮುಗಿಸಿ ಊಟಕ್ಕೆ ಬರೋಷ್ಟರಲ್ಲಿ ಒಂದು ಗಂಟೆ ದಾಟಿರುತ್ತೆ, ರೇಡಿಯೋ ಆಫಾಗಿರುತ್ತೆ. ಅದಕ್ಕೇ ನನಗೇನೂ ತಿಳಿಯಲಿಲ್ಲ.

ಬಣ್ಣ ಬಯಲಾಗಿದ್ದು ಸೋಮವಾರ. ಅಮ್ಮನ ಕೈ ಒದ್ದೆಯಾಗಿತ್ತು ಅಂತ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೆ.

“ಅಮ್ಮಾ, ಇವತ್ತಿಂದು ಹೇಗಿತ್ತು?” ಅಂದಳು ಅಕ್ಕ.

“ಚೆನ್ನಾಗಿತ್ತು ಕಣೆ. ಸ್ಪಷ್ಟವಾಗಿ ಓದಿದೆ.”

ಅಕ್ಕ ನಿಧಾನವಾಗಿ ಅಂದಳು, “ಇವತ್ತು ನಾನು ಓದಲೇ ಇಲ್ಲಮ್ಮ. ಹೆಡ್ಡಾಫೀಸಿಗೆ ಕರೆಸಿದ್ದರು. ಓದಿದ್ದು ನಮ್ಮ ಎಂಜಿನಿಯರ್ರು. ಗಂಡಸಿನ ದನಿ. ಅದೂ ನಗಾರಿ ಬಾರಿಸಿದ ಹಾಗಿರುತ್ತೆ.”

ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ತಾ ನಿಂತಳು. ಒರೆಸಿದ್ದೇ ಒರೆಸಿದ್ದು.

“ಯಾಕೆ ಕರೆಸಿದ್ದರು ಗೊತ್ತಾ? ಈ ಕಾಲು ಗಂಟೆ ಬೇಕಾ ಅಂತ ಶುಕ್ರವಾರ ಮೀಟಿಂಗಿದೆ. ಸುದ್ದಿಯ ಪಟ್ಟಿ ಬರೆದು ನೆಟ್ಟಿಗೆ ಹಾಕಿದರೆ ಸಾಕಂತೆ, ಓದೋರು ಬೇಡವಂತೆ. ಈಗೆಲ್ಲ ಯಾರಮ್ಮ ರೇಡಿಯೋ ಕೇಳೋದು ಅಂದರು. ನಮ್ಮಮ್ಮ ದಿನಾ ಕೇಳ್ತಾಳೆ, ಹೇಗಿತ್ತು ಅಂತ ದಿನಾ ಹೇಳ್ತಾಳೆ ಅಂತ ಎದೆ ತಟ್ಟಿ ಹೇಳಿ ಬಂದೆ.” ಅಲ್ಲಿಗೆ ಅವಳ ದನಿ ಒಡೆಯಿತು. “ಶುಕ್ರವಾರ ನನ್ನನ್ನ ಕೇಳ್ತಾರೆ. ನಿಲ್ಲಿಸಿ ಅಂತೀನಿ ಬಿಡು. ಹೆತ್ತವಳೇ ಕೇಳದ್ದನ್ನ ಊರು ಕೇಳುತ್ತಾ?”

ಫೋನು ಇಟ್ಟಳು. ನಾನು ಮತ್ತೆ ಮಾಡಿದರೆ ಎತ್ತಲಿಲ್ಲ.

ನಾನು ಅಮ್ಮನ ಮೇಲೆ ಹಾರಿದೆ. “ಕೇಳದೆ ಇದ್ದರೆ ಕೇಳಲಿಲ್ಲ ಅನ್ನಬೇಕು. ಈ ವಯಸ್ಸಲ್ಲಿ ಸುಳ್ಳು ಹೇಳೋ ಕರ್ಮ ಏನಿತ್ತು ನಿನಗೆ?”

ಅಮ್ಮ ರೇಡಿಯೋ ಹಚ್ಚಿದಳು. ಗೊರ್ರ್ ಅಂತ ಒಂದೇ ಸಮನೆ ಸದ್ದು. ಆ ಗೊರಗೊರದ ಅಡಿಯಲ್ಲೆಲ್ಲೋ ಯಾರೋ ಮಾತಾಡ್ತಿದ್ದಾರೆ ಅನ್ನೋದು ಗೊತ್ತಾಗುತ್ತೆ, ಗಂಡೋ ಹೆಣ್ಣೋ ಗೊತ್ತಾಗೋಲ್ಲ.

“ಎರಡು ತಿಂಗಳಿಂದ ಹಿಂಗೇ. ಕೇಳಿಸ್ತಿಲ್ಲ ಅಂದರೆ ಆ ಹುಡುಗಿ ಕುಗ್ಗಿಹೋಗ್ತಾಳೆ ಅಂತ ಚೆನ್ನಾಗಿದೆ ಅಂದೆ ಕಣೋ.”

“ಸುಳ್ಳೇ ಹೇಳೋದಾದರೆ ಎಂದಿನ ಹಾಗೆ ಬೈಬೇಕಿತ್ತು. ಹೊಗಳಿದ್ದಕ್ಕೇ ಸಿಕ್ಕಿಬಿದ್ದದ್ದು ನೀನು.”

“ಬೈಯೋಕೆ ಕೇಳಿಸಬೇಕು ಮಗಾ,” ಅಂದಳು ಅಮ್ಮ. “ಹೊಗಳೋಕೆ ಕೇಳಿಸಬೇಕಾಗಿಲ್ಲ.”

ನನ್ನ ಕೋಪ ಅಲ್ಲಿಗೆ ಇಳಿಯಿತು. ಊರಿನವರ ಮನೆಯ ಕರೆಂಟೆಲ್ಲ ಸರಿಮಾಡೋನು ನಾನು. ಅಮ್ಮನ ರೇಡಿಯೋ ಎರಡು ತಿಂಗಳಿಂದ ಗೊರಗುಟ್ಟುತ್ತಿದ್ದರೆ ನನಗೆ ಗೊತ್ತಿಲ್ಲ. ದೀಪದ ಬುಡ ಕತ್ತಲೆ ಅನ್ನೋ ಗಾದೆ ನನ್ನಂಥವನನ್ನ ನೋಡಿಯೇ ಕಟ್ಟಿರಬೇಕು. ಗುರುವಾರ ಮಧ್ಯಾಹ್ನದೊಳಗೆ ಅಮ್ಮನ ಕಿವಿಗೆ ಅಕ್ಕನ ದನಿ ಮುಟ್ಟಿಸ್ತೀನಿ ಅಂತ ಹಟ ತೊಟ್ಟೆ. ಇಲ್ಲದಿದ್ದರೆ ಶುಕ್ರವಾರ ಅವಳು ನಿಲ್ಲಿಸಿ ಅಂದೇ ಅಂತಾಳೆ. ಅವಳೂ ನಮ್ಮಮ್ಮನ ಮಗಳೇ, ಅಂದಳು ಅಂದರೆ ಮುಗೀತು.

ಮಂಗಳವಾರ ಕೆಲಸಕ್ಕೆ ರಜೆ ಹಾಕಿದೆ. ಹೊಸ ಸೆಲ್ಲು ಹಾಕಿದೆ. ರೇಡಿಯೋದ ಬೆನ್ನು ಬಿಚ್ಚಿ ಧೂಳು ಊದಿದೆ. ಇಂಥ ಸೆಟ್ಟಿನ ಒಳಗೆ ಒಂದು ಕಪ್ಪು ಕಡ್ಡಿ ಇರುತ್ತೆ, ತಂತಿ ಸುತ್ತಿರೋದು. ಕಂಬದ ಕಡೆಗೆ ಅದು ಅಡ್ಡಲಾಗಿ ನಿಂತರೆ ಚೆನ್ನಾಗಿ ಕೇಳಿಸುತ್ತೆ, ನೇರ ನಿಂತರೆ ಇಲ್ಲ. ಅದಕ್ಕೇ ಸೆಟ್ಟನ್ನು ಆ ಕಡೆ ಈ ಕಡೆ ತಿರುಗಿಸಿದೆ. ಒಂದು ಮೂಲೆಗೆ ತಿರುಗಿಸಿದಾಗ ಗೊರಗೊರ ಸ್ವಲ್ಪ ತಗ್ಗಿತು, ಜೊತೆಗೆ ಮಾತೂ ತಗ್ಗಿತು. ಫ್ರಿಜ್ಜಿನ ಹತ್ತಿರದಿಂದ ಎತ್ತಿ ಕಿಟಕಿಗಿಟ್ಟೆ, ಕಿಟಕಿಯಿಂದ ತಾರಸಿಗೆ ಒಯ್ದೆ. ಸೆಟ್ಟಿಗೆ ನಾಲ್ಕು ಸುತ್ತು ತಂತಿ ಸುತ್ತಿ, ಇನ್ನೊಂದು ತುದಿಯನ್ನ ಬಟ್ಟೆ ಒಣಗಿಸೋ ಕಂಬಿಯ ತನಕ ಎಳೆದು ಕಟ್ಟಿದೆ. ಈಗ ಗೊರಗೊರವೇ ಎರಡು ಪಟ್ಟಾಯಿತು.

ಕೊನೆಗೆ, ಮನೆಯ ಯಾವುದೋ ಚಾರ್ಜರ್ರೋ ಪಂಪೋ ಕೀಟಲೆ ಮಾಡ್ತಿರಬೇಕು ಅಂತ ಮೇನ್ ಸ್ವಿಚ್ಚನ್ನೇ ಆರಿಸಿದೆ. ಮನೆಯೆಲ್ಲ ತಣ್ಣಗಾಯಿತು. ರೇಡಿಯೋ ಮಾತ್ರ ಗೊರ್ರ್.

“ನಮ್ಮ ಮನೆಯದ್ದೇನೂ ತಪ್ಪಿಲ್ಲ,” ಅಂತ ಅಮ್ಮನಿಗೆ ತೀರ್ಪು ಕೊಟ್ಟೆ. “ಆ ಕಂಬವೇ ಸತ್ತಿದೆ.”

ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಆದರೆ ಆವತ್ತು ಹಾಗೆ ಅನ್ನಿಸಲಿಲ್ಲ, ಭಾರಿ ತಿಳಿದವನ ಹಾಗೆ ಅಂದೆ.

ಬುಧವಾರ ಇನ್ನೊಂದು ದಾರಿ ಹಿಡಿದೆ. ಗಾಳಿಯಲ್ಲಿ ಬಾರದಿದ್ದರೆ ಇಂಟರ್‌ನೆಟ್ಟಲ್ಲಿ ಬರಲಿ! ಫೋನಿಗೆ ಆ್ಯಪ್ ಇಳಿಸಿಕೊಂಡು ಸ್ಟೇಷನ್ನಿನ ಹೆಸರು ಒತ್ತಿದೆ. ಒಂದು ಪುಟ್ಟ ಸ್ಪೀಕರು ಜೋಡಿಸಿದೆ. ಅಬ್ಬಾ, ಏನು ದನಿ! ಸುದ್ದಿ ಓದೋನು ಹಾಳೆ ಮಗುಚೋದೂ ಕೇಳಿಸುತ್ತೆ. ಅಮ್ಮ ಕತ್ತು ವಾಲಿಸಿಕೊಂಡು ಕೇಳಿದಳು. “ಇವನಿಗೆ ಬಾಯಿ ಒಣಗಿದೆ. ನೀರು ಕುಡಿಯದೆ ಕೂತಿದ್ದಾನೆ,” ಅಂದಳು. ನನಗೆ ಕುಣಿದಾಡೋ ಹಾಗಾಯ್ತು. ಎರಡು ತಿಂಗಳಿಗೆ ಅವಳು ಹುಡುಕಿದ ಮೊದಲ ತಪ್ಪು ಅದು.

ಹನ್ನೆರಡೂವರೆಗೆ ಇಬ್ಬರೂ ಸ್ಪೀಕರಿನ ಮುಂದೆ ಕೂತೆವು. ಹನ್ನೆರಡೂವರೆ ಆಯ್ತು. ಪಿಟೀಲು ಶುರುವಾಯ್ತು. ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಕಾದೆವು. ಪುಣ್ಯಾತ್ಮ ಕಾಲು ಗಂಟೆ ಬಾರಿಸಿದ. ಅದು ಮುಗಿದದ್ದೇ ಮತ್ತೆ ರಾಜಧಾನಿಯ ಸುದ್ದಿ.

ಅಕ್ಕ ಎತ್ತೋಲ್ಲ ಅಂತ ಸ್ಟೇಷನ್ನಿಗೇ ಫೋನ್ ಮಾಡಿದೆ. ಎತ್ತಿದವರು ಆ ಎಂಜಿನಿಯರ್ರೇ. ನಗಾರಿ ಅಂದದ್ದು ಸುಳ್ಳಲ್ಲ.

“ನೆಟ್ಟಲ್ಲಿ ಹೋಗೋದು ರಾಜಧಾನಿಯದು ಮಾತ್ರ ಸ್ವಾಮಿ. ನಿಮ್ಮಕ್ಕನ ಕಾಲು ಗಂಟೆ ಈ ಕಂಬದಿಂದ ಮಾತ್ರ ಹೊರಡೋದು. ಆ ಹೊತ್ತಿಗೆ ಅಲ್ಲಿ ಪಿಟೀಲು ಹಾಕಿರ್ತಾರೆ.”

“ನಿಮ್ಮ ಕಂಬ ಕೆಟ್ಟಿದೆ,” ಅಂದೆ.

“ಸುತ್ತ ನಲವತ್ತು ಕಿಲೋಮೀಟರಿಗೂ, ಗಂಟೆ ಹೊಡೆದ ಹಾಗೆ ಕೇಳಿಸ್ತಿದೆ. ನಿಮ್ಮ ಕಡೆಯೇ ಏನೋ ಇದೆ, ನೋಡಿ.”

“ನನಗೆ ಹೇಳಿಕೊಡಬೇಡಿ, ನಾನು ಎಲೆಕ್ಟ್ರಿಷಿಯನ್,” ಅಂತ ಫೋನು ಕುಕ್ಕಿದೆ.

ಗುರುವಾರ ಬೆಳಿಗ್ಗೆ ಹತ್ತಾಗಿರಬಹುದು. ಬೇರೇನೂ ತೋಚದೆ ಮತ್ತೆ ತಂತಿ ಹಿಡಿದು ಕಿಟಕಿಗೆ ಕಟ್ಟುತ್ತಿದ್ದೆ. ಮೇಜಿನ ಮೇಲೆ ರೇಡಿಯೋ ಗೊರಗುಟ್ಟುತ್ತಿತ್ತು. ಟಪ್ ಅಂತ ಕರೆಂಟು ಹೋಯ್ತು. ಅದರ ಜೊತೆಗೇ ಗೊರಗೊರವೂ ನಿಂತಿತು. ಹೆಂಗಸೊಬ್ಬಳು ನನ್ನ ಬೆನ್ನ ಹಿಂದೆಯೇ ನಿಂತು, ರಾಜಧಾನಿಯಲ್ಲಿ ಇವತ್ತು ಮೋಡ ಮುಸುಕಿದ ವಾತಾವರಣ ಇರುತ್ತೆ ಅಂದಳು.

ತಿರುಗಿ ನೋಡಿದರೆ ಯಾರೂ ಇಲ್ಲ, ಮಾತಾಡಿದ್ದು ರೇಡಿಯೋ. ತಂತಿ ಬಿಟ್ಟು ರೇಡಿಯೋ ಎತ್ತಿಕೊಂಡು ಬೀದಿಗೆ ಓಡಿದೆ. ಬೀದಿಯ ತುದಿಯ ಕರೆಂಟು ಕಂಬದ ಮೇಲೆ ಲೈನ್‌ಮ್ಯಾನ್ ಕೂತಿದ್ದ. ನನಗೆ ಗುರುತಿನವನೇ.

“ಏನಯ್ಯಾ ಇದು, ಹೇಳದೆ ಕೇಳದೆ ಲೈನ್ ತೆಗೆದಿದ್ದೀಯ?” ಅಂತ ಕೂಗಿದೆ.

“ಹೇಳದೆ ಏನು? ನಿನ್ನೆ ಮಧ್ಯಾಹ್ನ ರೇಡಿಯೋದಲ್ಲಿ ಹೇಳಿದರಲ್ಲ. ಹತ್ತರಿಂದ ಹನ್ನೊಂದು, ನಿಮ್ಮ ಬೀದಿಯ ಇಪ್ಪತ್ತಾರು ಮನೆಗೆ ಇಲ್ಲ ಅಂತ. ನಿಮ್ಮಕ್ಕನೇ ಓದಿದ್ದು. ಕೇಳಲಿಲ್ಲವಾ?”

ಚಪ್ಪಲಿಯಲ್ಲಿ ಹೊಡೆದಂತಾಯ್ತು. ನಮ್ಮಕ್ಕ ನಮ್ಮ ಬೀದಿಯ ಹೆಸರು ಹಿಡಿದು ಓದಿದ್ದಾಳೆ, ಆ ಹೊತ್ತಲ್ಲಿ ನಾವಿಬ್ಬರೂ ಪಿಟೀಲು ಕೇಳ್ತಾ ಕೂತಿದ್ದೆವು.

ಅಲ್ಲೇ ಜಗಲಿಯ ಮೇಲೆ ಕೂತು ಯೋಚಿಸಿದೆ. ನಮ್ಮ ಮೇನ್ ಆರಿಸಿದರೆ ಸದ್ದು ನಿಲ್ಲಲಿಲ್ಲ. ಬೀದಿಯದೆಲ್ಲ ಆರಿದರೆ ನಿಂತಿತು. ಅಂದರೆ ಕೀಟಲೆ ಇರೋದು ಒಂದು ಮನೆಯಲ್ಲಲ್ಲ, ಎಲ್ಲರ ಮನೆಯಲ್ಲೂ. ಎರಡು ತಿಂಗಳ ಹಿಂದೆ ಎಲ್ಲರ ಮನೆಗೂ ಒಟ್ಟಿಗೆ ಬಂದದ್ದೇನು? ಉತ್ತರ ನನ್ನ ತಲೆಯ ಮೇಲೇ ತೂಗಾಡ್ತಿತ್ತು. ಲೈಟು.

ನಮ್ಮದು ಗೋಡೆಗೆ ಗೋಡೆ ಅಂಟಿದ ಸಾಲುಮನೆ. ಮುಂದೊಂದು ಕಿಟಕಿ, ಹಿಂದೊಂದು ಕಿಟಕಿ, ನಡುಮನೆಗೆ ಹಗಲಲ್ಲೂ ದೀಪ ಬೇಕು. ಎರಡು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಎಲ್‌ಇಡಿ ಲೈಟುಗಳು ರಾಶಿಯಲ್ಲಿ ಸಿಕ್ಕವು. ಕಂಪನಿಯ ಹೆಸರಿಲ್ಲ, ದಿಕ್ಕಿಲ್ಲ ದೆಸೆಯಿಲ್ಲ, ಆದರೆ ಬೆಳಕು ಮಾತ್ರ ಹಾಲು ಚೆಲ್ಲಿದ ಹಾಗೆ. ಬೀದಿಯವರಿಗೆಲ್ಲ ಒಂದೇ ವಾರದಲ್ಲಿ ನಾನೇ ಹಾಕಿಕೊಟ್ಟೆ. ಒಂದೊಂದು ಲೈಟಿಗೂ ಒಂದೊಂದು ಬಿಳಿ ಡಬ್ಬಿ ಇರುತ್ತೆ, ಕರೆಂಟನ್ನು ಲೈಟಿಗೆ ಹದಮಾಡಿ ಕೊಡೋದು. ಒಳ್ಳೆ ಡಬ್ಬಿಯಾದರೆ ಸುಮ್ಮನಿರುತ್ತೆ. ಕಳಪೆಯಾದರೆ ತಂತಿ ತುಂಬ ಗದ್ದಲ ಹರಡುತ್ತೆ. ಇಪ್ಪತ್ತಾರು ಮನೆ, ಮನೆಗೆ ಮೂರರ ಹಾಗೆ ಗದ್ದಲದ ಡಬ್ಬಿ ನೆಟ್ಟವನು ನಾನು. ನಮ್ಮಕ್ಕನ ಬಾಯಿಗೆ ಬಟ್ಟೆ ತುರುಕಿದವನು ನಾನೇ.

ನಾಚಿಕೆ ಬಿಟ್ಟು ಹೇಳ್ತೀನಿ, ಮೊದಲು ಬಂದ ಯೋಚನೆ ಬಾಯಿ ಮುಚ್ಚಿಕೊಂಡಿರೋಣ ಅಂತ. ಯಾರಿಗೆ ಗೊತ್ತಾಗುತ್ತೆ? ನಮ್ಮ ಕಸುಬಲ್ಲಿ ಹೆಸರೇ ಬಂಡವಾಳ. ಫ್ಯೂಸು ಹಾಕಿದ ಲೈಟು ಸರಿಯಿಲ್ಲ ಅಂತ ಒಬ್ಬರು ಅಂದರೆ ಸಾಕು, ಮರುದಿನ ಹತ್ತು ಬೀದಿಯವರು ಅಂತಾರೆ. ಒಳಗೆ ಹೋಗಿ ಅಮ್ಮನಿಗೆ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ.

“ಪುಸ್ತಕ ಅಚ್ಚಾದ ಮೇಲೆ ತಪ್ಪು ಸಿಕ್ಕಿದರೆ ಪ್ರೆಸ್ಸಿನಲ್ಲಿ ಏನು ಮಾಡ್ತಿದ್ದೆವು ಗೊತ್ತಾ?” ಅಂದಳು. “ತಪ್ಪು ಇದು, ಒಪ್ಪು ಇದು ಅಂತ ಒಂದು ಚೀಟಿ ಅಚ್ಚು ಹಾಕಿ ಒಂದೊಂದು ಪುಸ್ತಕಕ್ಕೂ ಅಂಟಿಸ್ತಿದ್ದೆವು. ಸಾವಿರ ಪುಸ್ತಕಕ್ಕೂ ಅಂಟಿಸಿದ್ದೀವಿ. ನಿನ್ನದು ಇಪ್ಪತ್ತಾರು ಮನೆ ತಾನೇ? ಎದ್ದು ಹೋಗು.”

ಹನ್ನೊಂದಕ್ಕೆ ಕರೆಂಟು ಬಂತು. ಹಚ್ಚಿದ ರೇಡಿಯೋ ಕಂಕುಳಲ್ಲಿಟ್ಟುಕೊಂಡು ಪಕ್ಕದ ಟೈಲರಮ್ಮನ ಮನೆಗೆ ಹೋದೆ. ಹೊಲಿಯೋ ಮಿಷನ್ನಿನ ಮೇಲಿನ ಲೈಟಿಗೆ ರೇಡಿಯೋ ಹಿಡಿದೆ. ಗೊರ್ರ್. ಲೈಟು ಆರಿಸಿದೆ, ಸದ್ದು ಒಂದಿಷ್ಟು ಇಳಿಯಿತು. ಹಚ್ಚಿದೆ, ಮತ್ತೆ ಗೊರ್ರ್.

“ಏನಯ್ಯಾ, ನನ್ನ ಲೈಟಿಗೆ ಹೊಟ್ಟೆನೋವಾ?” ಅಂದಳು ಟೈಲರಮ್ಮ.

ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನು ಹಾಕಿದ ಲೈಟು, ಅದರ ಡಬ್ಬಿ ಕೆಟ್ಟದ್ದು, ಬೀದಿಯಲ್ಲಿ ಯಾರ ಮನೆಯಲ್ಲೂ ರೇಡಿಯೋ ಕೇಳಿಸ್ತಿಲ್ಲ, ಡಬ್ಬಿ ಎಲ್ಲ ನಾನೇ ಬದಲಾಯಿಸಿಕೊಡ್ತೀನಿ, ಆದರೆ ಇವತ್ತು ಹನ್ನೆರಡೂವರೆಯಿಂದ ಕಾಲು ಗಂಟೆ ದಯವಿಟ್ಟು ದೀಪ ಆರಿಸಿ. ಅಕ್ಕನ ಮೀಟಿಂಗಿನ ವಿಷಯವನ್ನೂ ಹೇಳಿದೆ.

ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ನಕ್ಕಳು. “ಅಲ್ಲಯ್ಯಾ, ನನ್ನ ರೇಡಿಯೋ ಕೆಟ್ಟಿತು ಅಂತ ನಾನು ಅದನ್ನ ಅಟ್ಟಕ್ಕೆ ಎಸೆದಿದ್ದೀನಿ. ಅವಳ ದನಿ ಇಲ್ಲದೆ ಹೊಲಿಗೆಯೇ ಸಾಗ್ತಿರಲಿಲ್ಲ. ಸ್ಟೇಷನ್ನೇ ಮುಚ್ಚಿರಬೇಕು ಅಂದುಕೊಂಡೆ.” ಆಮೇಲೆ ನಗು ನಿಲ್ಲಿಸಿ, “ಆರಿಸ್ತೀನಿ, ಮಿಷನ್ನೂ ನಿಲ್ಲಿಸ್ತೀನಿ. ನಡಿ, ಆ ಕಡೆ ಸಾಲಿಗೆ ನಾನು ಹೇಳ್ತೀನಿ, ಈ ಕಡೆ ನೀನು ಹೇಳು,” ಅಂದಳು.

ಎಲ್ಲ ಕಡೆ ಅಷ್ಟು ಸಲೀಸಾಗಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಮಲಗಿದ್ದ ನರ್ಸಮ್ಮ ಎದ್ದು ಬಂದು ನನಗೆ ಸರಿಯಾಗಿ ಉಗಿದರು, ಉಗಿದು ದೀಪ ಆರಿಸಿದರು. ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿ, “ಏನಪ್ಪಾ ಫ್ಯೂಸು, ಹಾಕೋವಾಗ ಹತ್ತು ವರ್ಷ ಗ್ಯಾರಂಟಿ ಅಂದೆ. ಗದ್ದಲಕ್ಕೆ ಗ್ಯಾರಂಟಿ ಅಂತ ಹೇಳಲೇ ಇಲ್ಲ,” ಅಂದರು. ತಲೆ ತಗ್ಗಿಸಿ ನಿಂತೆ. ಬೇರೆ ದಿನವಾಗಿದ್ದರೆ ನಾಲ್ಕು ಮಾತು ಆಡಿ ಬರ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅಂದಮೇಲೆ ಉಣ್ಣಲೇಬೇಕು.

ಹನ್ನೆರಡೂ ಇಪ್ಪತ್ತಕ್ಕೆ ಟೈಲರಮ್ಮನ ಸಾಲು ಮುಗಿದಿತ್ತು, ನನ್ನದೂ ಮುಗಿದಿತ್ತು. ಆದರೂ ರೇಡಿಯೋದಲ್ಲಿ ಸಣ್ಣಗೆ ಗೊರ್ ಅನ್ನೋದು ನಿಂತಿಲ್ಲ. ರೇಡಿಯೋ ಮುಂದೆ ಹಿಡಿದುಕೊಂಡು ಬಾಗಿಲಿಂದ ಬಾಗಿಲಿಗೆ ನಡೆದೆ. ಕಂಡಕ್ಟರಣ್ಣನ ಮನೆಯ ಮುಂದೆ ಜೋರಾಯಿತು. ಮನೆಗೆ ಬೀಗ. ಕಿಟಕಿಯಲ್ಲಿ ನೋಡಿದರೆ ಪುಣ್ಯಾತ್ಮ ನಡುಮನೆಯ ಲೈಟು ಹಾಕೇ ಡ್ಯೂಟಿಗೆ ಹೋಗಿದ್ದಾನೆ. ಫೋನ್ ಮಾಡಿದೆ. ಬಸ್ಸಿನ ಗದ್ದಲದಲ್ಲಿ ಅವನಿಗೆ ನಾನು ಹೇಳಿದ್ದು ಕೇಳಿಸೋಲ್ಲ, ಅವನು ಹೇಳಿದ್ದು ನನಗೆ ಕೇಳಿಸೋಲ್ಲ. ಮೂರನೇ ಸಲ ಮಾಡಿದಾಗ ಕೂಗಿದ, “ಮೀಟರಿನ ಪಕ್ಕ ಫ್ಯೂಸಿದೆಯಲ್ಲೋ ಮಾರಾಯ, ಕಿತ್ತಿಡು!”

ಕಿತ್ತೆ. ಗೊರ್ ಅನ್ನೋದು ಸತ್ತಿತು. ಹನ್ನೆರಡೂ ಇಪ್ಪತ್ತೆಂಟು. ಮನೆಗೆ ಓಡಿ ರೇಡಿಯೋವನ್ನು ಮೇಜಿನ ಮೇಲಿಟ್ಟೆ. ಬೆಳಕಿಗೆ ಅಂತ ಎಲ್ಲರೂ ಬಾಗಿಲು ತೆರೆದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಟೈಲರಮ್ಮ ಅಟ್ಟದಿಂದ ಇಳಿಸಿದ ಸೆಟ್ಟಿಗೆ ಸೆಲ್ಲು ಹಾಕ್ತಾ ಇದ್ದಳು. ಅಮ್ಮ ಹಳೇ ಕವರಿನ ಹಿಂಬದಿಯನ್ನೇ ಹಾಳೆ ಮಾಡಿಕೊಂಡು ಪೆನ್ಸಿಲ್ ಹಿಡಿದಿದ್ದಳು.

“ಕೇಳುಗರಿಗೆ ನಮಸ್ಕಾರ,” ಅಂದಳು ಅಕ್ಕ.

ಮೇಜಿನ ಆಚೆ ಬದಿಗೆ ಕೂತು ಅಂದ ಹಾಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಮುಚ್ಚಿಡೋದೇನು. ಎರಡು ಸಾಲಿನ ಬಾಗಿಲುಗಳಿಂದಲೂ ಅಲ್ಲಲ್ಲಿ ಅವಳದೇ ದನಿ. ನೀರಿನ ಸುದ್ದಿ ಬಂತು, ರಸ್ತೆಯದು ಬಂತು, ಬಸ್ಸಿನದು ಬಂತು. ನಾನು ಹಿಗ್ಗಿ ಅಮ್ಮನ ಮುಖ ನೋಡಿದರೆ ಅಮ್ಮನ ಹುಬ್ಬು ಗಂಟಿಕ್ಕಿದೆ. ಓದು ಮುಂದುವರಿದ ಹಾಗೆಲ್ಲ ಆ ಗಂಟು ಬಿಗೀತಾ ಹೋಯ್ತು. ಪೆನ್ಸಿಲು ಗೀಚ್ತಾನೇ ಇತ್ತು. ಮುಗಿದ ಮೇಲೆ ರೇಡಿಯೋ ಆರಿಸಿ, ಕವರನ್ನು ಮಡಚಿ ಕೈಯಲ್ಲಿ ಹಿಡಿದು ಕೂತಳು. ನಾನು ಹೋಗಿ ಕಂಡಕ್ಟರಣ್ಣನ ಫ್ಯೂಸು ಹಾಕಿ ಬಂದೆ.

ಒಂದೂಕಾಲು ಆಯ್ತು. ಸೋಮವಾರದಿಂದ ಅಕ್ಕ ಫೋನ್ ಮಾಡಿಲ್ಲ, ಆವತ್ತೂ ಮಾಡಲಿಲ್ಲ. ಅಮ್ಮ ತಾನೇ ಒತ್ತಿದಳು, ಸ್ಪೀಕರಿಗೂ ಹಾಕಿದಳು. ಎರಡು ಸಲ ಪೂರ್ತಿ ಬಾರಿಸಿ ನಿಂತಿತು. ಮೂರನೇ ಸಲ ಅಕ್ಕ ಎತ್ತಿದಳು.

“ಏನಮ್ಮ?” ಒಣಗಿದ ದನಿ. “ಚೆನ್ನಾಗಿ ಓದಿದೆ ಅನ್ನೋಕಾ?”

“ಏನು ಚೆನ್ನಾಗಿ ಓದಿದ್ದು, ಮಣ್ಣು!” ಅಂದಳು ಅಮ್ಮ. ಕವರು ಬಿಚ್ಚಿದಳು. “ನಮಸ್ಕಾರ ಅಂದಮೇಲೆ ಉಸಿರು ತಗೊಳ್ಳಬೇಕು ಅಂತ ನಿನಗೆ ನೂರು ಸಲ ಹೇಳಿದ್ದೀನಿ, ತಗೊಳ್ಳಲಿಲ್ಲ. ನೀರಿನ ಹೊತ್ತು ಎರಡು ಸಲ ಹೇಳಬೇಕು, ಒಂದೇ ಸಲ ಹೇಳಿದೆ. ಬರೆದುಕೊಳ್ಳೋಳು ಪೆನ್ನು ಹುಡುಕೋದು ಯಾವಾಗ? ಮೂವತ್ತೊಂದನೇ ನಂಬರ್ ಬಸ್ಸು ನಿಂತಿದೆ ಅಂದೆ, ಎಷ್ಟು ದಿನ ಅಂತ ಹೇಳಲಿಲ್ಲ. ಆ ತಾತ ಕಳೆದುಹೋಗಿದ್ದಾರಲ್ಲ, ಅವರ ಅಂಗಿಯ ಬಣ್ಣ ನುಂಗಿಬಿಟ್ಟೆ. ಬಣ್ಣ ಗೊತ್ತಿಲ್ಲದೆ ಹುಡುಕೋರು ಯಾರನ್ನ ಹುಡುಕಬೇಕೇ? ಅವರ ಮನೆಯಲ್ಲಿ ಎಷ್ಟು ಜನ ನಿನ್ನ ಬಾಯಿ ನೋಡ್ತಾ ಕೂತಿರ್ತಾರೆ? ಕೊನೆಯ ಎರಡು ನಿಮಿಷ ಅಂತೂ ಸಂತೆ ಮುಗಿಸಿ ಗಂಟು ಕಟ್ಟೋಳ ಹಾಗೆ ಓದಿದೆ. ಮನಸ್ಸಿಲ್ಲದೆ ಓದೋದಾದರೆ ಮನೆಯಲ್ಲಿ ಕೂತುಕೋ!”

ಅಮ್ಮ ಕವರು ತಿರುಗಿಸಿ ಇನ್ನೂ ಏನಾದರೂ ಉಳಿದಿದೆಯಾ ಅಂತ ನೋಡಿದಳು. ಫೋನಿನ ಆ ಕಡೆಯಿಂದ ಮೂಗು ಎಳೆದ ಸದ್ದು ಕೇಳಿಸಿತು. ಅಕ್ಕ ಅಳುತ್ತಿದ್ದಳು, ನಗುತ್ತಲೂ ಇದ್ದಳು.

“ನೀಲಿ,” ಅಂದಳು. “ತಾತನ ಅಂಗಿ ನೀಲಿ ಬಣ್ಣದ್ದಮ್ಮ.”

“ನನಗೆ ಹೇಳಿದರೆ ಏನು ಬಂತು? ಊರಿಗೆ ಹೇಳು.”

“ಎರಡು ತಿಂಗಳಾಯ್ತಮ್ಮ ನೀನು ನನಗೆ ಬೈದು.”

ಅಮ್ಮ ಕವರನ್ನು ಮತ್ತೆ ಮಡಚಿದಳು. ಮೇಜಿನ ಮೇಲೆ ಬೆರಳಾಡಿಸಿದಳು. ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ.

“ನಾಳೆ ಹತ್ತಕ್ಕೆ ಮೀಟಿಂಗು,” ಅಂದಳು ಅಕ್ಕ. “ಯಾರು ಕೇಳ್ತಾರೆ ಹೇಳಿ ಅಂತಾರೆ. ಏನು ಹೇಳಲಿ?”

ಅಮ್ಮ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. “ಕೇಳೋಳು ಒಬ್ಬಳಿದ್ದಾಳೆ ಅನ್ನು. ಅವಳಿಗೆ ಇವತ್ತಿನ ಓದು ಹಿಡಿಸಲಿಲ್ಲ, ನಾಳೆ ಸರಿಯಾಗಿ ಓದಬೇಕಂತೆ ಅನ್ನು.”